ಅಕ್ಕಪಕ್ಕ ಕೇಳುವ ಅಕ್ಕ

ಮನೆ ನಕ್ಷೆ ಬರೆಯುವ ಆ ಕಚೇರಿಯಲ್ಲಿ ಆಕೆಗೆ ‘ಅಕ್ಕಪಕ್ಕ’ ಎಂದೇ ಹೆಸರು ಬಿದ್ದಿತ್ತು. ಇಪ್ಪತ್ತೆಂಟು ವರ್ಷದಿಂದ ಅದೇ ಮೇಜು, ಅದೇ ಮಾತು. “ಮೂವತ್ತು ನಲವತ್ತರ ಸೈಟು, ಒಂದು ಮನೆ ಬರೆದುಕೊಡಿ” ಎಂದು ಯಾರು ಬಂದರೂ ಆಕೆ ಪೆನ್ಸಿಲ್ ಮುಟ್ಟುತ್ತಿರಲಿಲ್ಲ. “ಅಕ್ಕಪಕ್ಕ ಏನಿದೆ?” ಎಂದು ಶುರುಮಾಡುತ್ತಿದ್ದಳು. ಪಕ್ಕದ ಗೋಡೆ ಎಷ್ಟೆತ್ತರ, ಅವರ ಬಚ್ಚಲ ನೀರು ಯಾವ ಕಡೆ ಹರಿಯುತ್ತದೆ, ಎದುರಿಗೆ ಬಸ್ಸು ನಿಲ್ಲುತ್ತದೆಯೇ, ಹಿಂದಿನ ಮನೆಯವರು ನಾಯಿ ಸಾಕಿದ್ದಾರೆಯೇ.

“ಇದೇನು ಮನೆ ಕಟ್ಟೋದಾ, ಪೊಲೀಸ್ ವಿಚಾರಣೆನಾ?” ಎಂದು ಎಂಜಿನಿಯರ್ ರೇಗಿಸುತ್ತಿದ್ದರು.

“ಕಳ್ಳ ಆದ್ರೆ ಒಂದಿನ ಬಿಡುಗಡೆ ಆಗ್ತಾನೆ ಸಾರ್. ತಪ್ಪಾಗಿಟ್ಟ ಕಿಟಕಿ ಗೋಡೇಲೇ ಇರತ್ತೆ.”

ಆಕೆಗೊಬ್ಬಳು ತಂಗಿ. ವಕೀಲರ ಕರಿ ಕೋಟು ಹೊಲಿಯುವವಳು. ಕಣ್ಣು ಮಂಜಾಗತೊಡಗಿತ್ತು, ದೀಪದ ಬೆಳಕಿನಲ್ಲಿ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣುತ್ತಿರಲಿಲ್ಲ. ಹೊಲಿಗೆ ಸೊಟ್ಟಗಾಯಿತೆಂದು ಎರಡು ಕೋಟು ವಾಪಸ್ಸು ಬಂದಿದ್ದವು. ಹಳೆ ಮನೆ ಕೆಡವಿ ಹೊಸದು ಕಟ್ಟಿಸುವಾಗ ಅವಳು ಕೇಳಿದ್ದು ಒಂದೇ: “ಹಗಲೆಲ್ಲ ಬೆಳಕಿರೋ ಒಂದು ಕೋಣೆ ಕೊಡೇ ಅಕ್ಕ. ಇಲ್ದಿದ್ರೆ ಮೆಷಿನ್‌ಗೆ ಮುಸುಕು ಹಾಕಿ ಕೂರ್ಬೇಕಾಗತ್ತೆ.”

ಆ ಒಂದು ಮನೆಗೆ ಮಾತ್ರ ಅಕ್ಕ ಯಾರನ್ನೂ ಏನೂ ಕೇಳಲಿಲ್ಲ. ಈಗ ಬೇರೆ ಕಡೆ ಇದ್ದರೂ ಹುಟ್ಟಿ ಬೆಳೆದ ಬೀದಿ, ಕೇಳುವುದೇನು ಬಂತು? ಒಂದೇ ಪಟ್ಟಿಗೆ ಕೂತು ಬರೆದು ಮುಗಿಸಿದಳು. ಪೂರ್ವಕ್ಕೆ ಗಡಿಯಾರ ರಿಪೇರಿಯವರ ತಗ್ಗು ಹೆಂಚಿನ ಮನೆ. ಹಾಗಾಗಿ ಹೊಲಿಗೆ ಕೋಣೆಯೂ ದೊಡ್ಡ ಕಿಟಕಿಯೂ ಆ ಕಡೆಗೆ. ಉತ್ತರಕ್ಕೆ ಬಟ್ಟೆಗೆ ಬಣ್ಣ ಕಾಸುವ ಶೆಡ್ಡು. ಚಿಕ್ಕಂದಿನಲ್ಲಿ ಅದರ ನಾತಕ್ಕೆ ಮೂಗು ಮುಚ್ಚಿಕೊಂಡು ಓಡಿದ್ದು ನೆನಪಿತ್ತು. ಅತ್ತ ಅಡುಗೆಮನೆ, ಬೋಳು ಗೋಡೆ.

ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ಪಾಯದ ಗೆರೆ ಹಾಕುತ್ತಿದ್ದ ದಿನ, ಗಡಿಯಾರ ರಿಪೇರಿಯವರು ಚಹಾದ ಲೋಟ ಹಿಡಿದು ಹೊರಗೆ ಬಂದರು.

“ಏನಮ್ಮಾ, ಕಿಟಕಿ ನಮ್ಮ ಕಡೆಗಾ? ನಾವೂ ಮುಂದಿನ ತಿಂಗಳು ಮೂರಂತಸ್ತು ಎಬ್ಬಿಸ್ತಿದೀವಿ. ನಿನ್ ತಂಗಿ ನಮ್ಮ ಗೋಡೆ ನೋಡ್ಕೊಂಡು ಹೊಲೀಬೇಕು ಅಷ್ಟೇ.”

ಜೊತೆಗೆ ನಿಂತಿದ್ದ ತಂಗಿ ಅಕ್ಕನತ್ತ ತಿರುಗಿದಳು.

“ಊರೋರ್ನೆಲ್ಲ ಅಕ್ಕಪಕ್ಕ ಕೇಳ್ತೀಯ. ನನ್ನ ಪಾಲಿಗೆ ಬರೀ ಅಕ್ಕ ಬಂದ್ಲು, ಪಕ್ಕ ಬರ್ಲೇ ಇಲ್ಲ!”

ಅಕ್ಕ ಇಟ್ಟಿಗೆ ರಾಶಿ ಹತ್ತಿ ಉತ್ತರದ ಕಾಂಪೌಂಡಿನಾಚೆ ಇಣುಕಿದಳು. ಶೆಡ್ಡಿರಲಿಲ್ಲ. ಬಯಲಿನಲ್ಲಿ ಸಾಲಾಗಿ ಸೈಕಲ್ಲುಗಳು, ಸ್ಟೂಲಿನ ಮೇಲೊಬ್ಬಳು ಕಾವಲಿನ ಹೆಂಗಸು. ಶೆಡ್ಡು ಏನಾಯಿತೆಂದು ಅಕ್ಕ ಅವಳನ್ನೇ ಕೇಳಿದಳು.

“ಬಣ್ಣದ ಶೆಡ್ಡಾ? ಅದನ್ನ ಕಿತ್ತು ಹನ್ನೆರಡು ವರ್ಷ ಆಯ್ತಲ್ಲಮ್ಮ! ನೀವು ಈ ಬೀದಿಯೋರಲ್ವಾ?”

“ಅಲ್ಲ, ಹೊಸಬಳು” ಎಂದಳು ಅಕ್ಕ. “ಇಲ್ಲಿ ಮುಂದೆ ಏನಾದ್ರೂ ಕಟ್ತಾರಾ?”

“ಅಡಿಯಲ್ಲಿ ಊರಿಗೆಲ್ಲ ನೀರು ಕೊಡೋ ಪೈಪಿದೆ. ಗೂಟ ಹೊಡೆಯೋಕೂ ಬಿಡಲ್ಲ.”

ಕೆಳಗಿಳಿದಾಗ ತಂಗಿ ಅಂದಳು: “ಶೆಡ್ಡು ಹೋಗಿದ್ದು ನಂಗೊತ್ತಿತ್ತು. ನಕ್ಷೆ ಓದೋಕೆ ಬರಲ್ಲ, ನೀನು ಕೇಳ್ಲಿಲ್ಲ.”

ಅಕ್ಕ ಈ ಸಲ ಕಾಗದ ತೆಗೆಯಲಿಲ್ಲ. ಮೇಸ್ತ್ರಿಯಿಂದ ತಗಡು ತರಿಸಿ ಉತ್ತರದ ಮೂಲೆಯಲ್ಲಿ ಮೂರು ಕಡೆಗೂ ತಲೆ ಮೇಲಕ್ಕೂ ಕೋಣೆಯಂತೆ ಮರೆ ಕಟ್ಟಿಸಿದಳು. ಉತ್ತರ ಮಾತ್ರ ತೆರೆದಿತ್ತು. ಒಳಗೆ ಸ್ಟೂಲು, ತಂಗಿ, ಅವಳ ತೊಡೆಯ ಮೇಲೆ ಕರಿ ಕೋಟು. ಮಧ್ಯಾಹ್ನ ಒಂದು ಗೇಣು ಹೊಲಿಸಿದಳು. ಐದು ಗಂಟೆಗೆ ಇನ್ನೊಂದು ಗೇಣು.

“ಹಾಕಿದ ಗೆರೆ ಗಾಳಿಗೆ ಹೋಗ್ತಿದೆ ಅಕ್ಕಾವ್ರೇ” ಎಂದು ಮೇಸ್ತ್ರಿ ಗೊಣಗಿದ.

ತಂಗಿ ಅಂಚು ಮಗುಚಿ, ಹೊಲಿಗೆಯುದ್ದಕ್ಕೂ ಉಗುರು ಎಳೆದು, ಮತ್ತೊಮ್ಮೆ ಎಳೆದು ನೋಡಿದಳು.

“ನೇರ ಇದೆ.”

“ಹೊಲಿಗೆ ಕೋಣೆ ಇಲ್ಲಿಗೆ ತಂದ್ರೆ ಅಡುಗೆಮನೆ ಪೂರ್ವಕ್ಕೆ ಹೋಗತ್ತೆ” ಎಂದಳು ಅಕ್ಕ. “ಅವರ ಗೋಡೆ ಎದ್ದ ಮೇಲೆ ಕತ್ತಲೆ.”

“ಅಡುಗೆ ನಾನು ಕಣ್ಮುಚ್ಕೊಂಡು ಮಾಡ್ತೀನಿ. ಕೋಟು ಹೊಲಿಯೋಕಾಗಲ್ಲ.”

ಮೇಸ್ತ್ರಿ ಚಪ್ಪಲಿಯಿಂದ ಸುಣ್ಣದ ಗೆರೆ ಒರೆಸತೊಡಗಿದ.