ಸೋದರಮಾವನ ರೋಮಿಂಗು

ನನಗಿಂತ ಮೊದಲು ನನ್ನ ಫೋನು ದೇಶಾಟನೆ ಮಾಡಿದೆ. ಗುಂಡ್ಲುಪೇಟೆಯಿಂದ ಆಚೆ, ಕಾಡಿನ ಅಂಚಿನಲ್ಲಿ, ಗೆಳೆಯನೊಬ್ಬನ ಚೆಂಡುಹೂವಿನ ಹೊಲವಿದೆ. ಅದರ ಬದುವಿನ ಮೇಲೆ ನಿಂತು ಎಡಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಫೋನು ಒಮ್ಮೆ ನಡುಗಿ ಕೇರಳಕ್ಕೆ ಸುಸ್ವಾಗತ ಅನ್ನುತ್ತಿತ್ತು. ಬಲಕ್ಕೆ ಬಂದರೆ ಕರ್ನಾಟಕ ಏನೂ ಮಾತಾಡದೆ ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಸ್ವಂತ ಮನೆಯವರು ಯಾರು ತಾನೇ ಸ್ವಾಗತ ಹೇಳುತ್ತಾರೆ! ಆಗೆಲ್ಲ ಪಕ್ಕದ ರಾಜ್ಯಕ್ಕೂ ರೋಮಿಂಗಿದ್ದ ಕಾಲ. ನಾನು ಹೊಲಕ್ಕೆ ಇಳಿಯುವ ಮೊದಲೇ ಫೋನ್ ಆಫ್ ಮಾಡಿ, ಮಲಗಿದ ಕೂಸನ್ನು ಎತ್ತಿಕೊಂಡವನಂತೆ ಅದನ್ನು ಎದೆಗವಚಿಕೊಂಡು ಓಡಾಡುತ್ತಿದ್ದೆ. ಹೂ ಬಿಡಿಸುವ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಗಲಿ ಬಿಡಿ. ಚಿಂತೆ ಮಾಡುವುದಕ್ಕೂ ಒಂದು ಹುಟ್ಟುಗುಣ ಬೇಕು. ಅದು ಎಲ್ಲರಿಗೂ ಬರುವುದಿಲ್ಲ.

ಚಾಮರಾಜನಗರದ ಕಾಲೇಜೊಂದರಲ್ಲಿ ನಾನು ಭೂಗೋಳ ಪಾಠ ಮಾಡುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಜಗತ್ತಿನ ನದಿಗಳನ್ನೆಲ್ಲ ಕೋಲಿನಲ್ಲಿ ತೋರಿಸಿದ್ದೇನೆ, ಒಂದರಲ್ಲೂ ಕಾಲು ಅದ್ದಿಲ್ಲ. ನಮ್ಮ ಮದುವೆಗೆ ಇಪ್ಪತ್ತೈದು ತುಂಬಿದಾಗ ನನ್ನ ಹೆಂಡತಿ ನಾಗರತ್ನ, ನಕಾಶೆಯಲ್ಲಿ ನೋಡಿದ್ದು ಸಾಕು ಅಂತ ಹೇಳಿ, ಟೂರಿನವರ ಜೊತೆ ಮಲೇಷ್ಯಾಕ್ಕೆ ಆರು ದಿನದ ಪ್ರವಾಸ ಗೊತ್ತು ಮಾಡಿಬಿಟ್ಟಳು. ವಿಮಾನ ಬಿದ್ದರೆ ಎಂದು ನಾನು ಚಿಂತಿಸಲಿಲ್ಲ. ಅದು ದೊಡ್ಡ ವಿಷಯ, ನನ್ನ ಯೋಗ್ಯತೆಗೆ ಮೀರಿದ್ದು. ಫೋನಿಗೆ ಏನು ಮಾಡುವುದು ಎಂಬುದು ಮಾತ್ರ ನನ್ನ ನಿದ್ದೆ ಕೆಡಿಸಿತು.

ಅದಕ್ಕೆ ಕಾರಣವೂ ಇತ್ತು. ತೆರಕಣಾಂಬಿಯಲ್ಲಿ ನಮ್ಮಕ್ಕನ ಮನೆ. ಅಕ್ಕ ಮಂಗಳಮ್ಮಣ್ಣಿ ನನಗಿಂತ ಏಳು ವರ್ಷ ದೊಡ್ಡವಳು. ಅವಳ ಕಿರಿ ಮಗಳು ರಮ್ಯ ಗುಂಡ್ಲುಪೇಟೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಎಂಥ ಗಂಡಾಳನ್ನೂ ಹೂವಿನಂಥ ಮಾತಿನಲ್ಲಿ ಕೂರಿಸಿ, ಅವನು ಬೆವರುವುದರೊಳಗೆ ಸೂಜಿ ಹಾಕಿ ತೆಗೆದಿರುವ ಹುಡುಗಿ. ಅವಳನ್ನು ನೋಡಲು ಚಂದಕವಾಡಿಯಿಂದ ಗಂಡಿನವರು ಬಂದು ಹೋಗಿದ್ದರು. ಹುಡುಗ ಬಾಳೆ, ಅರಿಸಿನ ಬೆಳೆಯುವವನು, ಜೊತೆಗೆ ಹನಿ ನೀರಾವರಿ ಪೈಪಿನ ಅಂಗಡಿ. ರಮ್ಯ ಅವನನ್ನು ಒಮ್ಮೆ ನೋಡಿ ಒಳಗೆ ಹೋದವಳು, ಇನ್ನೊಂದು ಲೋಟ ನೀರು ಕೊಡುವ ನೆಪದಲ್ಲಿ ಎರಡನೆಯ ಸಲ ಬಂದಳು. ಯಾರೂ ನೀರು ಕೇಳಿರಲಿಲ್ಲ. ಅಲ್ಲಿಗೆ ನಮಗೆಲ್ಲ ವಿಷಯ ತಿಳಿಯಿತು.

ಅವರ ಮನೆಯ ಯಜಮಾನರು ಹುಡುಗನ ದೊಡ್ಡಪ್ಪ ಗುರುಮಲ್ಲಪ್ಪನವರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಜೇಬಿನಲ್ಲಿ ಗುಂಡಿ ಒತ್ತುವ ಹಳೇ ಫೋನು. ಹೊರಡುವಾಗ ಅವರು, "ಎಂಟ್ ದಿನದಾಗೆ ಫೋನ್ ಮಾಡ್ತೀನಿ, ಸೋದರಮಾವನ ನಂಬರ್ ಕೊಡಿ" ಅಂದರು. ನಮ್ಮ ಮನೆತನಗಳಲ್ಲಿ ರೂಢಿ ಅದು. ಒಪ್ಪಿಗೆಯ ಮಾತು ಮೊದಲು ಹುಡುಗಿಯ ಸೋದರಮಾವನ ಕಿವಿಗೆ ಬೀಳಬೇಕು, ಅವನ ಬಾಯಿಂದ ಮನೆಗೆ ಬರಬೇಕು. ನಮ್ಮ ಭಾವನಿಗೆ ಇದರಿಂದ ಬಹಳ ಸಮಾಧಾನ. ಅವರು ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಎತ್ತುಗಳಿಗೆ.

ಈ ರೂಢಿಗೆ ಇನ್ನೊಂದು ಬಾಲವಿದೆ. ನಮ್ಮ ಕಡೆ ಬೇಡ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. "ತಿಳಿಸ್ತೀವಿ" ಅನ್ನುತ್ತಾರೆ, ತಿಳಿಸುವುದಿಲ್ಲ. ಆ ಮೌನವೇ ಉತ್ತರ. ಹೆಣ್ಣಿನ ಕಡೆಯವರು ತಾವಾಗಿ ಕೇಳುವಂತೆಯೂ ಇಲ್ಲ. ಕೇಳಿದರೆ ಹಗುರವಾದೆವು ಅಂತ ಲೆಕ್ಕ. ಈಗ ನೀವೇ ಹೇಳಿ, ಗಂಡಿನವರು ಫೋನ್ ಮಾಡಿದಾಗ ಸೋದರಮಾವನ ನಂಬರು ಸ್ವಿಚ್ ಆಫ್ ಆಗಿದ್ದರೆ? ನಮ್ಮ ಕಡೆಯಿಂದಲೇ ಮೌನ ಹೋದಂತಾಗಲಿಲ್ಲವೆ? ಒಂದು ಹುಡುಗಿಯ ಬಾಳು ಒಂದು ಸಿಮ್ಮಿನ ಮೇಲೆ ನಿಂತಿದೆ ಎಂದು ನಾನು ಅಂದಾಗ ನಾಗರತ್ನ, "ಪ್ರವಾಸ ಹೋಗ್ತಿದೀವಿ ಅಂತ ಅವರಿಗೆ ಒಂದು ಮಾತು ಹೇಳಿಬಿಡಿ" ಅಂದಳು. ಹೇಳುವುದು ಹೇಗೆ? ಮಾತು ಇನ್ನೂ ತೂಗುತ್ತಿರುವಾಗ ಮಾವ ವಿಮಾನ ಹತ್ತಿದನಂತೆ ಅಂದುಕೊಂಡರೆ? ಬೇರೆ ನಂಬರು ಕೊಟ್ಟರೆ, ಮೊದಲಿನದಕ್ಕೇನಾಯಿತು ಅಂತ ಅನುಮಾನ ಬಂದರೆ? ಹೀಗೆ ಸುಲಭವಾದ ದಾರಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿಕೊಂಡು, ಕಷ್ಟವಾದದ್ದನ್ನು ಹುಡುಕಿಕೊಂಡು ಮೊಬೈಲ್ ಅಂಗಡಿಗೆ ಹೋದೆ.

ಅಂಗಡಿಯ ಶಶಿಕಲಾ ನನ್ನ ಹಳೇ ವಿದ್ಯಾರ್ಥಿನಿ. ಭೂಗೋಳದಲ್ಲಿ ಅವಳನ್ನು ನಾನು ಒಮ್ಮೆ ಫೇಲ್ ಮಾಡಿದ್ದೆ. ಪ್ರಪಂಚದ ವ್ಯಂಗ್ಯ ನೋಡಿ, ಈಗ ಅವಳು ನನಗೆ ದೇಶವಿದೇಶ ತಿಳಿಸಿದಳು. ದಾರಿ ಮೂರಂತೆ. ಇದೇ ನಂಬರಿಗೆ ವಿದೇಶದ ಪ್ಯಾಕ್ ಹಾಕಿಸುವುದು. ಅಲ್ಲಿ ಇಳಿದ ಮೇಲೆ ಅಲ್ಲಿಯದೇ ಸಿಮ್ ಕೊಳ್ಳುವುದು. ಇಲ್ಲವಾದರೆ ಕಣ್ಣಿಗೇ ಕಾಣದ, ಫೋನಿನೊಳಗೇ ಹುಟ್ಟುವ ಇ-ಸಿಮ್ ಅಂತ ಒಂದು. ಕಣ್ಣಿಗೆ ಕಾಣದ್ದನ್ನು ನಂಬುವಷ್ಟು ಭಕ್ತಿ ನನಗೆ ಮಾದಪ್ಪನ ಬೆಟ್ಟದಲ್ಲಿ ಮಾತ್ರ ಇದೆ. ಅಲ್ಲಿಯ ಸಿಮ್ ಹಾಕಿದರೆ ಇಲ್ಲಿಯ ನಂಬರು ಮಲಗುತ್ತದೆ. ಅದನ್ನು ಎರಡನೆಯ ಕಿಂಡಿಗೆ ಹಾಕಿ ಎಚ್ಚರ ಇಡಬಹುದಂತೆ. ಯಾವ ಕಿಂಡಿ ಮೇಲಿನದು? ಎಲ್ಲಾದರೂ ಅದಲು ಬದಲಾದರೆ? ವಾಟ್ಸಾಪಿನಲ್ಲಿ ಮಾತಾಡಿ ಅಂದಳು. ಗುರುಮಲ್ಲಪ್ಪನವರ ಫೋನು ಆ ವಿದ್ಯೆ ಕಲಿತದ್ದಲ್ಲ. ವಿಮಾನದಲ್ಲಿರುವಾಗ ಕರೆ ಬಂದರೆ? ಟೂರಿನವರು ತೋರಿಸುತ್ತೇವೆಂದ ಗುಹೆಯೊಳಗಿದ್ದರೆ? ಬ್ಯಾಟರಿ? ಶಶಿಕಲಾ ಕೊನೆಗೆ ಕೈಮುಗಿಯುವ ಧಾಟಿಯಲ್ಲಿ ಕೇಳಿದಳು: "ಸಾರ್, ನೀವು ಹೋಗ್ತಿರೋದು ಆರು ದಿನಕ್ಕಾ, ಆರು ವರ್ಷಕ್ಕಾ?" ಮನೆಯಿಂದ ಹೊರಡುವಾಗಲೇ ತೀರ್ಮಾನಿಸಿದ್ದ ಮೊದಲನೆಯ ಪ್ಯಾಕನ್ನೇ ಹಾಕಿಸಿಕೊಂಡು ಬಂದೆ. ಎಲ್ಲ ದಾರಿಯನ್ನೂ ವಿಚಾರಿಸಿ, ಹೊರಟ ಜಾಗಕ್ಕೇ ಬಂದು ನಿಂತರೆ ಅದಕ್ಕೆ ನಮ್ಮಂಥವರು ನಿರ್ಧಾರ ಎಂದು ಹೆಸರಿಟ್ಟಿದ್ದೇವೆ.

ಹಳೆಯ ಕಾವ್ಯಗಳಲ್ಲಿ ರಾಜಕುಮಾರಿಯರು ಹಂಸದ ಕೈಲಿ, ಗಿಳಿಯ ಕೈಲಿ ಮಾತು ಕಳಿಸುತ್ತಿದ್ದರು. ಗಿಳಿಗೆ ವ್ಯಾಲಿಡಿಟಿ ಎಷ್ಟು ದಿನ ಅಂತ ಒಬ್ಬಳೂ ಕೇಳಿದ್ದಿಲ್ಲ. ಹಾರಿಬಿಟ್ಟು ಕಿಟಕಿಯಲ್ಲಿ ಕೂತಳು ಅಷ್ಟೆ. ಆ ಕಾಲದಲ್ಲಿ ನಾನು ಹುಟ್ಟಿದ್ದರೆ ಗಿಳಿಯ ಹಿಂದೆ ಇನ್ನೊಂದು ಗಿಳಿ, ಅದು ತಲುಪಿತೋ ಇಲ್ಲವೋ ನೋಡಿಕೊಂಡು ಬರಲು ಒಂದು ಗೊರವಂಕ ಕಳಿಸುತ್ತಿದ್ದೆ. ಕವಿಗಳು ಸುಸ್ತಾಗುತ್ತಿದ್ದರು.

ಮಲೇಷ್ಯಾ ಹೇಗಿತ್ತು ಎಂದು ಕೇಳಬೇಡಿ. ಅಲ್ಲಿ ಎಲ್ಲೆಲ್ಲಿ ಎಷ್ಟು ಸಿಗ್ನಲ್ ಕಡ್ಡಿ ಇತ್ತು ಎಂದು ಕೇಳಿದರೆ ಹೇಳಿಯೇನು. ಎಲ್ಲರೂ ಕತ್ತೆತ್ತಿ ಗಗನಚುಂಬಿ ಕಟ್ಟಡ ನೋಡುತ್ತಿದ್ದಾಗ ನಾನು ಕತ್ತು ಬಗ್ಗಿಸಿ ಅಂಗೈ ನೋಡುತ್ತಿದ್ದೆ. ದಿನಾ ಅಕ್ಕನಿಗೆ ಫೋನ್ ಮಾಡಿ, ಅಲ್ಲಿಗೇನಾದರೂ ಫೋನ್ ಬಂತಾ ಎಂದು ವಿಚಾರಿಸುತ್ತಿದ್ದೆ. ಇಲ್ಲ ಅನ್ನುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಹೋಟೆಲಿನಲ್ಲಿ ತಿಂಡಿಗೆ ಕೂತಿದ್ದಾಗ ಗುರುಮಲ್ಲಪ್ಪ ಎಂಬ ಹೆಸರು ತೆರೆಯ ಮೇಲೆ ಬೆಳಗಿತು. ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ, ಹಿರಿಯರು. ಬೆಣ್ಣೆ ಹತ್ತಿದ ಬೆರಳು ಜಾರಿ, ನಾನು ಎತ್ತುವಷ್ಟರಲ್ಲಿ ಕಟ್ಟಾಯಿತು. ಮತ್ತೆ ಬಂತು. ಎರಡೇ ರಿಂಗು, ಕಟ್. ಮೂರನೆಯ ಸಲವೂ ಹಾಗೇ. ಇದು ಮಿಸ್ಡ್ ಕಾಲೋ, ಅಲ್ಲ ಅವಸರವೋ? ನಮ್ಮೂರುಗಳಲ್ಲಿ ಎರಡು ರಿಂಗಿನ ಅರ್ಥ, ನೀನೇ ಮಾಡು ಅಂತ. ಆದರೆ ಹೆಣ್ಣಿನ ಕಡೆಯವರು ತಾವಾಗಿ ಮಾಡುವಂತಿಲ್ಲವಲ್ಲ. ಗಂಡಿನವರು ಮಿಸ್ಡ್ ಕಾಲ್ ಕೊಟ್ಟಾಗ ತಿರುಗಿ ಮಾಡಿದರೆ ಅದು ಯಾರ ಕಡೆಯ ಕರೆ ಎಂಬ ಧರ್ಮಸಂಕಟಕ್ಕೆ ಯಾವ ಹಿರಿಯರೂ ಪರಿಹಾರ ಹೇಳಿಟ್ಟಿಲ್ಲ. ಅರ್ಧ ಗಂಟೆ ಒದ್ದಾಡಿ ಕೊನೆಗೆ ನಾನೇ ಮಾಡಿದೆ. ಅವರ ಫೋನು ಸ್ವಿಚ್ ಆಫ್. ಮಧ್ಯಾಹ್ನವೂ ಆಫ್, ಸಂಜೆಯೂ ಆಫ್. ಮರುದಿನ ರಿಂಗಾಯಿತು, ಎತ್ತಲಿಲ್ಲ. ಮುಗಿಯಿತು ಅಂದುಕೊಂಡೆ. ದೊಡ್ಡ ಗುಹೆಯ ಮುಂದೆ ಬಂಗಾರದ ಬಣ್ಣದ ಮುರುಗ ಆಕಾಶಕ್ಕೆ ಮುಟ್ಟುವಂತೆ ನಿಂತಿದ್ದ. ಅವನ ಪಾದದ ಬಳಿ ನಿಂತು, ನಾನು ರಮ್ಯಳ ಮದುವೆ ಕೆಡಿಸಿದೆ ಎಂದು ನಾಗರತ್ನಳಿಗೆ ಹೇಳಿದೆ. ಅವಳು ನನ್ನ ಕೈಲಿದ್ದ ಫೋನು ತೆಗೆದುಕೊಂಡು ತನ್ನ ಬ್ಯಾಗಿಗೆ ಹಾಕಿ ಝಿಪ್ ಎಳೆದಳು. ಆಮೇಲೆ ಸ್ವಲ್ಪ ಹೊತ್ತು ಮಲೇಷ್ಯಾ ಕಂಡಿತು. ಚೆನ್ನಾಗಿದೆ.

ವಾಪಸು ಬಂದ ದಿನ ಮನೆಯಲ್ಲಿ ಪೆಟ್ಟಿಗೆ ಇಳಿಸಿ, ಮೊದಲ ಬಸ್ಸಿಗೆ ತೆರಕಣಾಂಬಿಗೆ ಓಡಿದೆವು. ಅಕ್ಕ ಜಗುಲಿಯಲ್ಲಿ ಹುಚ್ಚೆಳ್ಳು ಕೇರುತ್ತಿದ್ದಳು. ನನ್ನ ಮುಖ ನೋಡಿದವಳೇ ಮೊರ ಕೆಳಗಿಟ್ಟು ನಗತೊಡಗಿದಳು.

ಆದದ್ದಿಷ್ಟು. ಗುರುಮಲ್ಲಪ್ಪನವರು ಅವತ್ತು ನನಗೆ ಫೋನ್ ಮಾಡಿದಾಗ, ನನ್ನ ನಂಬರು ಪರದೇಶದಲ್ಲಿದ್ದದ್ದರಿಂದ, ರಿಂಗಿನ ಸದ್ದೇ ಬೇರೆ ಥರ ಕೇಳಿಸಿತಂತೆ. ರಾಂಗ್ ನಂಬರೆಂದು ಕಟ್ ಮಾಡಿದರಂತೆ, ಮತ್ತೆ ಮಾಡಿದರಂತೆ, ಮತ್ತೆ ಅದೇ ಅಪರಿಚಿತ ಸದ್ದು. ಆ ಹಿರಿಯರು ಫೋನ್ ಆಫ್ ಮಾಡಿ ಜೇಬಿಗಿಟ್ಟು ಬಸ್ ಹತ್ತಿ ಚಾಮರಾಜನಗರದ ನಮ್ಮ ಮನೆಗೆ ಬಂದರು. ಬೀಗ. ಎದುರು ಮನೆಯವರು, ಫಾರಿನ್‌ಗೆ ಹೋಗವ್ರೆ ಅಂದರು. ಅವರು ಗುಂಡ್ಲುಪೇಟೆ ಬಸ್ ಹತ್ತಿ, ದಾರಿಯಲ್ಲಿ ತೆರಕಣಾಂಬಿಯಲ್ಲಿ ಇಳಿದರು. ಅಕ್ಕ ಅವರನ್ನು ಕೂರಿಸಿ, ರೊಟ್ಟಿ, ಹುಚ್ಚೆಳ್ಳು ಚಟ್ನಿ, ಅವರೆಕಾಳಿನ ಹುಳಿ ಬಡಿಸಿದಳು. ಭಾವ ಎದುರಿಗೆ ಕೂತು ತಮ್ಮ ಹತ್ತು ಮಾತಿನಲ್ಲಿ ನಾಲ್ಕನ್ನು ಅವರಿಗೇ ಕೊಟ್ಟರು. ಲ್ಯಾಬಿನಿಂದ ಬಂದ ರಮ್ಯ, ಅವರು ಮೂರು ಸಲ ನೀರು ಕುಡಿದದ್ದು ನೋಡಿ, ಸಕ್ಕರೆ ಪರೀಕ್ಷೆ ಯಾವಾಗ ಮಾಡಿಸಿದ್ದೀರಿ ಎಂದು ಕೇಳಿ, ಅವರು ಉತ್ತರ ಯೋಚಿಸುವುದರೊಳಗೆ ಬೆರಳಿಗೆ ಚುಚ್ಚಿ ನೋಡಿಯೂ ಆಯಿತು.

ಊಟವಾದ ಮೇಲೆ ಅವರು ಎಲೆಅಡಿಕೆ ಹಾಕಿಕೊಂಡು ಬಂದ ಕೆಲಸ ಹೇಳಿದರಂತೆ. ಈ ಸಂಬಂಧ ಬೇಡ ಅನ್ನುವುದಕ್ಕೆ ಅವರು ನನಗೆ ಫೋನ್ ಮಾಡಿದ್ದು. ಮೌನವಾಗಿ ತಪ್ಪಿಸಿಕೊಳ್ಳದೆ ಬಾಯಿಬಿಟ್ಟು ಹೇಳುವಷ್ಟು ದೊಡ್ಡ ಮನುಷ್ಯರು.

"ಉಡ್ಗಿ ಚಿನ್ನ ಕಣವ್ವ. ಉಡ್ಗನೂ ಒಪ್ಪವ್ನೆ. ಆ ಸೋದರಮಾವ್ನೇ ನಮ್ಗೆ ಒಸಿ ಭಯ."

ಅವತ್ತು ಹೆಣ್ಣು ನೋಡುವ ದಿನ ನಾನು ಅವರನ್ನು ನಾಲ್ಕು ಮಾತು ಕೇಳಿದ್ದು ನಿಜ. ಬೋರ್‌ವೆಲ್ ಎಷ್ಟು ಅಡಿ, ಬೇಸಿಗೆಯಲ್ಲಿ ನೀರು ನಿಲ್ಲುತ್ತದೆಯೆ, ಕುಡಿಯುವ ನೀರು ಮನೆಯೊಳಗೆ ಬರುತ್ತದೋ ಬೀದಿಯಿಂದ ಹೊರಬೇಕೋ, ಹಳೇ ಬಾವಿಗೆ ಕಟ್ಟೆ ಇದೆಯೆ, ಅಟ್ಟದ ಏಣಿ ಗಟ್ಟಿಯೆ, ತೋಟದ ಕಡೆ ಚಿರತೆ ಬಂದರೆ ಯಾರನ್ನು ಕರೆಯುತ್ತೀರಿ. ನಾಲ್ಕು ಅಂದೆನಲ್ಲ, ರಮ್ಯ ಬಾಗಿಲ ಹಿಂದೆ ನಿಂತು ಎಣಿಸಿದ್ದಳಂತೆ, ಹದಿನೇಳು. ಈಗಲೇ ಇಷ್ಟು, ಮದುವೆಯಾದ ಮೇಲೆ ದಿನಾ ಫೋನಿನಲ್ಲಿ ಇನ್ನೆಷ್ಟು ಅಂತ ಅವರ ಮನೆಯಲ್ಲಿ ಮಾತಾಯಿತಂತೆ.

ಅಕ್ಕ ಏನು ಹೇಳಿದಳು ಎಂಬುದನ್ನು ಅವಳು ನನಗೆ ಹೇಳಲಿಲ್ಲ. ಒಳಗಿನಿಂದ ಕಾಫಿ ತಂದ ರಮ್ಯ ಹೇಳಿದಳು. ನನ್ನ ಹೆಂಡತಿಗೆ ಹೇಳಿದಂತೆ, ನನ್ನ ಕಡೆ ನೋಡದೆ.

"ಅವ್ವ ಅಂದ್ಲು, 'ನನ್ನ ಮದ್ವೇಲಿ ಯಾರೂ ಒಂದು ಮಾತು ಕೇಳ್ನಿಲ್ಲ ಕಣಣ್ಣ. ಬಂದ್ ಮೇಲೆ ಹನ್ನೊಂದು ವರ್ಸ ಕೆರೆಯಿಂದ ನೀರು ಹೊತ್ತಿವ್ನಿ. ಆಗ ಅವ್ನು ಚಿಕ್ಕೋನು. ರಜಕ್ಕೆ ಬಂದ್ರೆ ನನ್ನ ಹಿಂದೇನೇ ಒಂದ್ ಚೊಂಬು ಹಿಡ್ಕಂಡು ಬರೋನು. ಅದ್ಕೇ ಈಗ ಎಲ್ಲಾನೂ ಕೇಳ್ತಾನೆ' ಅಂತ."

ಚೊಂಬಿನ ವಿಷಯ ನನಗೆ ಮರೆತೇ ಹೋಗಿತ್ತು. ಕಾಫಿ ಸ್ವಲ್ಪ ಬಿಸಿಯಿತ್ತು, ಅದನ್ನೇ ನೋಡುತ್ತಾ ಕೂತೆ. ಗುರುಮಲ್ಲಪ್ಪನವರು ಅದನ್ನು ಕೇಳಿ ಎದ್ದು, ಹಿತ್ತಿಲಿಗೆ ಹೋಗಿ ಕೈತೊಳೆದು, ನಲ್ಲಿ ಭದ್ರವಾಗಿ ತಿರುಗಿಸಿ ಬಂದು, "ಹಂಗಾರೆ ಕೇಳ್ಲಿ ಬುಡವ್ವ. ಕೇಳೋರು ಒಬ್ಬರಿರ್ಲಿ" ಅಂದರಂತೆ. ಮೂರು ದಿನದ ಹಿಂದೆಯೇ ಎಲ್ಲ ಮುಗಿದಿತ್ತು.

ದಿನಾ ಕೇಳಿದಾಗ ನನಗೇಕೆ ಹೇಳಲಿಲ್ಲ ಎಂದು ಅಕ್ಕನ ಮೇಲೆ ರೇಗಿದೆ. ನೀನು ಕೇಳಿದ್ದು ಫೋನ್ ಬಂತಾ ಅಂತ, ಫೋನ್ ಬರಲಿಲ್ಲವಲ್ಲ, ಮನುಷ್ಯರೇ ಬಂದರು ಎಂದು ಅವಳು ಮೊರ ಎತ್ತಿಕೊಂಡಳು. ಅಲ್ಲಿಂದಲೇ ಅವರಿಗೆ ಫೋನ್ ಮಾಡಿ ಹದಿನೆಂಟನೆಯದು ಕೇಳಿಬಿಡುತ್ತೀ ಅಂತ ನಾವೆಲ್ಲ ಸೇರಿ ಬಾಯಿ ಕಟ್ಟಿಕೊಂಡೆವು, ಭಾವನಿಗೆ ಮಾತ್ರ ಕಷ್ಟವಾಗಲಿಲ್ಲ ಅಂದಳು. ಮತ್ತೆ ಅವರು ನಾನು ಮಾಡಿದಾಗ ಫೋನ್ ಯಾಕೆ ಎತ್ತಲಿಲ್ಲ? ಅದೂ ಅಕ್ಕನ ಅಪ್ಪಣೆಯೇ.

ಇಷ್ಟು ಜನ ಸೇರಿ ನನ್ನನ್ನು ವ್ಯಾಪ್ತಿ ಪ್ರದೇಶದ ಹೊರಗಿಟ್ಟು ಒಂದು ಮದುವೆ ಕುದುರಿಸಿದ್ದಾರೆ. ಅವಮಾನವಾಗಬೇಕಿತ್ತು. ವಿಚಿತ್ರವೆಂದರೆ, ಹಗುರವಾಯಿತು. ನಾನು ಹೊತ್ತುಕೊಳ್ಳದಿದ್ದರೂ ಭೂಮಿ ತಿರುಗುತ್ತದೆ ಎಂದು ಇಪ್ಪತ್ತೆಂಟು ವರ್ಷ ಪಾಠ ಮಾಡಿದವನಿಗೆ ಅದು ಸ್ವಂತಕ್ಕೂ ಅನ್ವಯಿಸುತ್ತದೆ ಎಂದು ತಿಳಿಯಲು ಒಂದು ತಪ್ಪು ರಿಂಗು ಬೇಕಾಯಿತು.

ಸಂಜೆ ನಾವಿನ್ನೂ ಅಲ್ಲೇ ಇದ್ದಾಗ ಗುರುಮಲ್ಲಪ್ಪನವರ ಫೋನು ಬಂತು. ರೂಢಿ ರೂಢಿಯೇ, ಸೋದರಮಾವನ ಕಿವಿಗೆ ಮಾತು ಬೀಳಬೇಕಲ್ಲ. ಈ ಸಲ ಸರಿಯಾದ ಸದ್ದು ಕೇಳಿಸಿತೆಂದು ಅವರಿಗೂ ಖುಷಿ. ಒಪ್ಪಿಗೆ ಹೇಳಿದರು. ಆಮೇಲೆ, ನಾನು ಏನೂ ಕೇಳದಿದ್ದರೂ, ತಾವಾಗಿಯೇ ಶುರು ಮಾಡಿದರು. ಬೋರ್‌ವೆಲ್ ಮುನ್ನೂರು ಅಡಿ, ಬೇಸಿಗೆಯಲ್ಲೂ ನೀರಿದೆ. ನಲ್ಲಿ ಅಡಿಗೆಮನೆಯ ಒಳಗೇ ಇದೆ. ಹಳೇ ಬಾವಿಗೆ ಕಟ್ಟೆ ಇರಲಿಲ್ಲ, ನಿನ್ನೆ ಗಾರೆಯವರನ್ನು ಕರೆಸಿದ್ದಾರೆ, ಎರಡು ವರಸೆ ಇಟ್ಟಿಗೆ ಎದ್ದಿದೆ. ಏಣಿ ಬೀಟೆಯದು. ನನ್ನ ನಾಲಿಗೆಯ ತುದಿಗೆ ಗಾರೆ ಒಣಗುವ ತನಕ ಮಕ್ಕಳು ಮರಿ ಆ ಕಡೆ ಹೋದರೆ ಎಂಬುದು ಬಂದಿತ್ತು. ನಾಗರತ್ನ ನನ್ನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡು ಕೇಳುತ್ತಾ ನಿಂತೆ. ಅವರು ಚಿರತೆಯ ತನಕ ಬಂದವರು ತಟ್ಟನೆ ನಿಲ್ಲಿಸಿದರು.

"ಸ್ವಾಮೀ... ಲೈನ್ ಕಟ್ಟಾಯ್ತಾ?"

"ಇಲ್ಲ, ಇದೀನಿ. ಕೇಳಿಸ್ಕೊತಾ ಇದೀನಿ."

"ಸದ್ದೇ ಇಲ್ವಲ್ಲ," ಅಂದರು ಗುರುಮಲ್ಲಪ್ಪನವರು, ಕೊಂಚ ಗಾಬರಿಯಿಂದಲೇ. "ಮೈಗೆ ಉಸಾರಾಗಿದ್ದೀರಾ ನೀವು?"