ಷಟ್ಪದಿಯಲ್ಲಿ ಹೆಣ್ಣು ನೋಡಿದ್ದು

ನಾನು ಉಗ್ಗ. ಸುಮ್ಮನೆ ಮಾತನಾಡಲು ಹೋದರೆ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆದರೆ ಪದ್ಯ ಓದುವಾಗ ಎಲ್ಲೂ ತಡವರಿಸುತ್ತಿರಲಿಲ್ಲ. ಕೋಲಾರದ ಸ್ಕೂಲಿನಲ್ಲಿ ಇದನ್ನು ಪತ್ತೆಹಚ್ಚಿದವರು ನಮ್ಮ ಕನ್ನಡ ಪಂಡಿತರು. "ಲೇ, ಹಾಗಾದ್ರೆ ಮಾತನ್ನೂ ಭಾಮಿನೀ ಷಟ್ಪದಿಯಲ್ಲೇ ಆಡೋ, ಯಾರು ಬೇಡ ಅಂದ್ರು!" ಎಂದರು. ಪುಣ್ಯಾತ್ಮರು, ತಮಾಷೆಗೆ ಅಂದದ್ದು. ನಾನು ಹಾಗೆಯೇ ಮಾಡಿದೆ.

ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಮೂರು, ನಾಲ್ಕು, ಮೂರು, ನಾಲ್ಕು ಎಂದು ತೊಡೆಯ ಮೇಲೆ ಬೆರಳು ಬಡಿಯುತ್ತ ಹೋದರೆ ನನ್ನ ದರಿದ್ರ ನಾಲಿಗೆ ಸಲೀಸಾಗಿ ಓಡುತ್ತಿತ್ತು. ಮುಳಬಾಗಿಲಿನಲ್ಲಿ ಮೇಷ್ಟ್ರಾದ ಮೇಲೆ ಅಂಗಡಿ ಸಾಹೇಬರ ಮುಂದೆ ನಿಂತು, "ಬೆಲ್ಲ ಕೊಡಿರೀ ಅರ್ಧ ಸೇರನು" ಎನ್ನುತ್ತಿದ್ದೆ. "ಕ್ಯಾ ಮೇಷ್ಟ್ರೇ, ಉಪ್ಪು ಬ್ಯಾಡ್ವಾ? ಅದಕ್ಕೂ ಒಂದು ಹಾಡಿ," ಎಂದು ಅವರು ನಗುತ್ತಿದ್ದರು. ನಗಲಿ ಬಿಡಿ, ಬೆಲ್ಲ ಸಿಗುತ್ತಿತ್ತು.

ಒಂದೇ ಪೀಡೆ ಎಂದರೆ ಈ ಷಟ್ಪದಿಗೆ ಎರಡು ಸಾಲಾದ ಮೇಲೆ ಮೂರನೆಯ ಸಾಲು ಉದ್ದವಾಗಿ ಬರಲೇಬೇಕು, ಕೊನೆಗೊಂದು ಗುರು ಕೂರಲೇಬೇಕು. ಹೇಳುವುದು ಮುಗಿದಿದ್ದರೂ ನಾಲಿಗೆ ನಿಲ್ಲುತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ತುಂಬಿಸುತ್ತಿದ್ದೆ.

ಇಷ್ಟರಲ್ಲಿ ಎರಡು ಕಡೆ ಹೆಣ್ಣು ನೋಡಿ ಬಂದಿದ್ದೆ. ಎರಡು ಕಡೆಯೂ ಮಾಮೂಲಿ ಮಾತನಾಡಿ, ಉಗ್ಗಿ, ಬೇಡ ಅನ್ನಿಸಿಕೊಂಡಿದ್ದೆ. ಮೂರನೆಯದು ತಾಯಲೂರಿನ ಸಂಬಂಧ. ಇದೂ ತಪ್ಪಿದರೆ ಇನ್ನು ಯಾರ ಮನೆಯ ಜಮಖಾನದ ಮೇಲೂ ಕೂರುವುದಿಲ್ಲವೆಂದು ಶಪಥ ಮಾಡಿದೆ. ಮದುವೆಯ ಆಸೆಯೇನೋ ಬೆಟ್ಟದಷ್ಟಿತ್ತು, ಅವಮಾನ ಸಾಕಾಗಿತ್ತು. ಈ ಸಲ ಛಂದಸ್ಸು ಬಿಟ್ಟು ಅಲುಗಾಡಬಾರದೆಂದು ತೀರ್ಮಾನಿಸಿ, ಇದ್ದಿಲು ಉರಿಸಿ ಓಡುತ್ತಿದ್ದ ಯುದ್ಧಕಾಲದ ಬಸ್ಸಿನಲ್ಲಿ ಸೋದರಮಾವನ ಜೊತೆ ಹೊರಟೆ.

"ಓದು ಎಷ್ಟಾಯ್ತು? ಈಗೇನ್ ಮಾಡ್ತಿದೀರಿ?" ಎಂದು ಹುಡುಗಿಯ ತಂದೆ ಕೇಳಿದರು.

"ನಾನು ಓದಿದೆ ಎಂಟು ವರುಷವು, ಈಗ ಮಕ್ಕಳಿಗೆಲ್ಲ ಕಲಿಸುವೆ," ಎಂದೆ. ಚೆನ್ನಾಗಿಯೇ ಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೂರನೆಯ ಸಾಲು! ಬಾಗಿಲಾಚೆ ಏನೋ ಒಂದು ಮೇಯುತ್ತಿತ್ತು. "ಎಂಥ ಹಸುವಿದು ನಿಮ್ಮ ಮನೆಯದು ಎಷ್ಟು ಕೊಡುವುದು ಹಾಂ!"

"ಅದು ಎತ್ತು ಕಣಪ್ಪ," ಎಂದರು ಅವರು.

ಮಾವ ನನ್ನ ಪಕ್ಕೆ ಚಿವುಟಿದ. ಮೂಲೆಯಲ್ಲಿದ್ದ ಹುಡುಗಿಯ ಅಜ್ಜಿ ಮಾತ್ರ ನನ್ನನ್ನು ಹರಿಕಥೆ ದಾಸನೆಂದೇ ತಿಳಿದು ಕೈಮುಗಿದು, "ಇಂಕೊಕಟಿ ಪಾಡು ನಾಯನಾ," ಎಂದು ತೆಲುಗಿನಲ್ಲಿ ಇನ್ನೊಂದು ಹಾಡು ಕೇಳಿದರು. ಪಕ್ಕದ ಮನೆಯ ಹೆಂಗಸರೂ ಬಂದು ಕೂತರು. ಷಟ್ಪದಿಗೆ ಇನ್ನೂ ಮೂರು ಸಾಲು ಬಾಕಿ ಇತ್ತು. ನಾನು ಉಪ್ಪಿಟ್ಟನ್ನೂ, ಜಮಖಾನವನ್ನೂ ವರ್ಣಿಸಿದೆ. ಅಜ್ಜಿ ಮಂಗಳಾರತಿ ತಟ್ಟೆ ತರಿಸಿದರು. ಅಯ್ಯೋ, ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಕಾಫಿ ತಂದಿಟ್ಟ ಹುಡುಗಿ ತೊಡೆಯ ಮೇಲೆ ಕುಣಿಯುತ್ತಿದ್ದ ನನ್ನ ಬೆರಳನ್ನು ನೋಡಿದಳು, ಆಮೇಲೆ ಮುಖ ನೋಡಿದಳು.

"ಸುಮ್ನೆ ಮಾತಾಡೋಕೆ ಆಗಲ್ವಾ ನಿಮಗೆ?"

"ಏನೇ ಅದು!" ಎಂದು ತಂದೆ ಗದರಿದರು. ಷಟ್ಪದಿಯಲ್ಲೇ ಉತ್ತರಿಸಿ ಪಾರಾಗಬಹುದಿತ್ತು. ಆದರೆ ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಮುಷ್ಟಿ ಬಿಗಿಹಿಡಿದೆ.

"ನ... ನ... ನಂಗೆ..."

ಮಾವ ನನ್ನ ಪರವಾಗಿ ವಾಕ್ಯ ಮುಗಿಸಲು ಬಾಯಿ ತೆರೆದ. ಎಲ್ಲರೂ ನನಗೆ ಹಾಗೇ ಮಾಡುತ್ತಿದ್ದರು.

"ಇರಿ, ಅವರೇ ಹೇಳ್ಲಿ," ಎಂದಳು ಅವಳು. ನನ್ನ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು.

"ಮ... ಮಾತು... ಬ... ಬ... ಬರಲ್ಲ."

"ಬಂತಲ್ಲ," ಎಂದಳು. ತಂದೆಯ ಕಡೆ ತಿರುಗಿ, "ನಂಗೆ ಒಪ್ಪಿಗೆ ಅಪ್ಪ," ಎಂದಳು.