ಕಿಟಕಿಯ ಕಡೆಗೆ ಬೆಳೆದ ನೇರಳೆ

ಬಸ್ಸು ಓಡಿಸುವವನಿಗೆ ಅವಸರ ಇರಬೇಕು ಎಂದು ನಮ್ಮ ಡ್ರೈವರಿಗೆ ಯಾರೂ ಹೇಳಿರಲಿಲ್ಲ. ರಸ್ತೆಗೆ ಅಡ್ಡ ಬಂದ ಕೋಳಿ ತನ್ನ ಮರಿಗಳನ್ನೆಲ್ಲ ಕರೆದುಕೊಂಡು ದಾಟುವವರೆಗೆ ಹಾರ್ನ್ ಕೂಡ ಒತ್ತದೆ ಕಾಯುತ್ತಿದ್ದ ಪುಣ್ಯಾತ್ಮ ಅವನು. ಹಲ್ಲು ಕಡಿಯುತ್ತ ಕೂತ ಪ್ರಯಾಣಿಕರು ಅವನಿಗೆ ನಿಧಾನಪ್ಪ ಎಂದು ಹೆಸರಿಟ್ಟರು. ಅವನಿಗೇನೂ ಸಿಟ್ಟು ಬರಲಿಲ್ಲ. ನಿಧಾನವೇ ಪ್ರಧಾನ ಎಂದು ನಕ್ಕು ಗೇರು ಬದಲಿಸುತ್ತಿದ್ದ.

ಅವನ ಹೆಂಡತಿಯದು ಹೊಲಿಗೆ ಕೆಲಸ. ಬೀದಿಗೆಲ್ಲ ಅವಳು ಟೈಲರಕ್ಕ. ಮದುವೆಯಾದ ಹೊಸದರಲ್ಲಿ ಇಬ್ಬರೂ ಸೇರಿ ಕೊಂಡ ಮನೆಗೆ ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ. ಹಿತ್ತಲು ಮಾತ್ರ ಮನೆಗಿಂತ ದೊಡ್ಡದು. ಮುಂದಿನ ಕೋಣೆಯಲ್ಲಿ ಕೂತರೆ ಬೀದಿಯ ಧೂಳೆಲ್ಲ ಗಿರಾಕಿಗಳ ಬಟ್ಟೆಯ ಮೇಲೆ ಬೀಳುತ್ತದೆಂದು ಅವಳು ಮೆಷಿನ್ನನ್ನು ಹಿಂದಿನ ಕಿಟಕಿಯ ಕೆಳಗೆ ಹಾಕಿಕೊಂಡಳು. ಅಲ್ಲಿ ದಿನವಿಡೀ ಒಳ್ಳೆಯ ಬೆಳಕು. ಕಿಟಕಿಯಿಂದ ಕಾಣುತ್ತಿದ್ದ ನೋಟ ಮಾತ್ರ ಹೇಳಿಕೊಳ್ಳುವಂಥದ್ದಲ್ಲ: ಮನೆ ಕಟ್ಟಿದವರು ಬಿಟ್ಟುಹೋದ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟಿನ ಚೀಲ, ಯಾರದೋ ಒಂಟಿ ಚಪ್ಪಲಿ.

"ದಿನಾ ಇದನ್ನ ನೋಡ್ಕೊಂಡು ಹೊಲೀಬೇಕಾ ನಾನು?" ಎಂದು ಒಂದು ದಿನ ಅವಳು ಕೇಳಿದಳು. ತೋಟ ಹುಟ್ಟಿದ್ದು ಆ ಒಂದು ಮಾತಿನಿಂದ.

ನಿಧಾನಪ್ಪ ರಜೆಯ ದಿನಗಳಲ್ಲಿ ಹಿತ್ತಲು ಅಗೆದ. ಬಸ್ಸು ನಿಂತ ಊರುಗಳಲ್ಲೆಲ್ಲ ಟೀ ಕುಡಿಯುವ ಹೊತ್ತಿನಲ್ಲಿ ಕಂಡವರ ಅಂಗಳಕ್ಕೆ ಹೋಗಿ ಒಂದು ಕಡ್ಡಿ, ಒಂದು ಬೇರು, ಒಂದು ಹಿಡಿ ಬೀಜ ಕೇಳಿ ತಂದ. ಡ್ರೈವರ್ ಸೀಟಿನ ಪಕ್ಕದಲ್ಲಿ ಒದ್ದೆ ಮಣ್ಣು ತುಂಬಿದ ಡಬ್ಬ ಯಾವಾಗಲೂ ಇರುತ್ತಿತ್ತು. ಕಂಡಕ್ಟರು, "ಈ ಗಿಡಕ್ಕೆ ಅರ್ಧ ಟಿಕೆಟ್ಟಾ, ಪೂರ್ತಿ ಟಿಕೆಟ್ಟಾ?" ಎಂದು ಕೇಳದ ದಿನವಿಲ್ಲ.

ನೆಡುವಾಗ ಅವನು ಡ್ರೈವರು ಮಾತ್ರ ಮಾಡಬಹುದಾದ ಒಂದು ತಪ್ಪು ಮಾಡಿದ. ಅವನ ಕಣ್ಣಿಗೆ ಅಳತೆಯೆಂದರೆ ಪಕ್ಕದಲ್ಲಿ ಹಾದುಹೋಗಲು ಜಾಗ ಇದೆಯೋ ಇಲ್ಲವೋ ಎಂಬುದು. ನಿಂಬೆಗೂ ಗುಲಾಬಿಗೂ ನಡುವೆ ತಾನೊಬ್ಬ ದಾಟಿದ, ಸಾಕು. ನೇರಳೆ ಸಸಿಗೂ ಮನೆಯ ಗೋಡೆಗೂ ನಡುವೆ ಕೊಡ ಹೊತ್ತು ದಾಟಿದ, ಧಾರಾಳವಾಯಿತು. ಬಸ್ಸು ಇವತ್ತು ಎಷ್ಟಗಲವೋ ನಾಳೆಯೂ ಅಷ್ಟೇ ಅಗಲ. ಗಿಡ ಹಾಗಲ್ಲ ಎಂಬುದು ಅವನ ತಲೆಗೆ ಹೋಗಲೇ ಇಲ್ಲ.

ಟೈಲರಕ್ಕ ಕಿಟಕಿಯಿಂದಲೇ ಎಚ್ಚರಿಸಿದಳು. "ಮಕ್ಕಳ ಬಟ್ಟೆ ಹೊಲಿಯೋವಾಗ ನಾನು ಒಳಗಡೆ ಮಡಿಚಿ ಬಿಟ್ಟಿರ್ತೀನಿ, ಬೆಳೆದ್ ಮೇಲೆ ಬಿಚ್ಚಿಕೊಳ್ಳಲಿ ಅಂತ. ನೀವು ಒಂದು ಚೂರೂ ಬಿಡ್ತಾ ಇಲ್ವಲ್ಲ ರೀ!"

"ನೋಡೇ, ಎಷ್ಟು ಜಾಗ ಇದೆ!" ಎಂದು ಅವನು ಕೈ ಬೀಸಿಕೊಂಡು ಗಿಡಗಳ ನಡುವೆ ಓಡಾಡಿ ತೋರಿಸಿದ.

ಮೊದಲ ಕೆಲವು ವರ್ಷ ಗೆದ್ದವನು ಅವನೇ. ಬಿಸಿಲು ಧಾರಾಳವಾಗಿತ್ತು, ಟೊಮೇಟೊ, ಬೀನ್ಸ್, ಮೆಣಸಿನಕಾಯಿ ಬುಟ್ಟಿಗಟ್ಟಲೆ ಬಂತು. ಬಟ್ಟೆ ಹೊಲಿಸಲು ಬಂದವರೆಲ್ಲ ಬದನೆಕಾಯಿ ಹಿಡಿದುಕೊಂಡು ಹೋದರು. ಆಮೇಲೆ ನಿಂಬೆ ಗುಲಾಬಿಯ ಮೈಮೇಲೆ ಬಿತ್ತು, ಮುಳ್ಳಿಗೆ ಮುಳ್ಳು ಸಿಕ್ಕಿಕೊಂಡು ಬಿಡಿಸಲು ಹೋದವನ ಕೈ ರಕ್ತವಾಯಿತು. ನೇರಳೆಯಂತೂ ಹೇಳುವವರು ಕೇಳುವವರು ಇಲ್ಲದ ಹಾಗೆ ಬೆಳೆಯಿತು. ಅದರ ಕೊಂಬೆಯಲ್ಲಿ ಮಗಳು ಉಯ್ಯಾಲೆ ಆಡಿದಳು, ಬಿದ್ದು ಮೊಣಕಾಲು ತರಚಿಕೊಂಡಳು, ದೊಡ್ಡವಳಾಗಿ ಎರಡು ಬೀದಿ ಆಚೆ ಸಂಸಾರ ಹೂಡಿದಳು. ಒಂದು ಸಲ ಹಣ್ಣು ಉದುರಿ, ಹಗ್ಗದ ಮೇಲೆ ಒಣಗುತ್ತಿದ್ದ ಗಿರಾಕಿಯ ಬಿಳಿ ಅಂಗಿಯ ತುಂಬ ನೇರಳೆ ಕಲೆಯಾಯಿತು. ಟೈಲರಕ್ಕ ಆ ಅಂಗಿಯನ್ನು ಗಂಡನಿಗೇ ತೊಡಿಸಿ, ಗಿರಾಕಿಗೆ ಹೊಸದು ಹೊಲಿದುಕೊಟ್ಟಳು. ನಿಧಾನಪ್ಪ ಅದನ್ನು ಹರಿದುಹೋಗುವ ತನಕ ಖುಷಿಯಿಂದಲೇ ಹಾಕಿಕೊಂಡ.

ನೆರಳು ಹಬ್ಬಿದ ಹಾಗೆ ಟೊಮೇಟೊ ಸೊರಗಿತು, ಬೀನ್ಸ್ ಹೂ ಬಿಡುವುದನ್ನೇ ಮರೆಯಿತು. ಎರಡು ವರ್ಷ ಗೊಣಗಿದ ಮೇಲೆ ಅವನು ಆ ಜಾಗದಲ್ಲಿ ಶುಂಠಿ, ಅರಿಶಿನ, ಅಗಲ ಎಲೆಯ ಕೆಸು ಹಾಕಿದ. ಅವಕ್ಕೆ ನೆರಳು ಒಗ್ಗಿತು. ಕೆಲಸದಿಂದ ನಿವೃತ್ತನಾದ ಮೇಲೆ ಮರದ ಬುಡದಲ್ಲಿ ಕಲ್ಲಿನ ಬೆಂಚು ಹಾಕಿಸಿ, ಬೆಳಗ್ಗೆ ಅಲ್ಲಿ ಕೂತು ಕಾಫಿ ಕುಡಿಯುವಾಗ ಇದಕ್ಕಿಂತ ಇನ್ನೇನು ಬೇಕು ಎಂದುಕೊಳ್ಳುತ್ತಿದ್ದ. ಒಳಗಿನಿಂದ ಮೆಷಿನ್ನಿನ ಸದ್ದು ಬರುತ್ತಿತ್ತು. ಅವನ ಸುಖಕ್ಕೆ ಅದೂ ಸೇರಿತ್ತು.

ಒಂದು ಬೆಳಗ್ಗೆ ಬೀದಿಯ ಕೊನೆಮನೆಯ ವಕೀಲರು ಅವನನ್ನು ತಡೆದು ನಿಲ್ಲಿಸಿದರು. "ಟೈಲರಕ್ಕನಿಗೆ ನಮ್ಮ ಮೇಲೆ ಏನು ಕೋಪ ಮಾರಾಯ್ರೇ? ವರ್ಷದಿಂದ ಕರಿ ಕೋಟು ಮುಟ್ಟೋದಿಲ್ಲ ಅಂತಾರೆ. ನನ್ನ ಕೋಟಿನ ತೋಳು ಹರಿದು ಜೋತಾಡ್ತಿದೆ ನೋಡಿ."

ನಿಧಾನಪ್ಪ ಮನೆಗೆ ಬಂದು ಕೇಳಿದ. ಅವಳು ತಲೆ ಎತ್ತಲಿಲ್ಲ.

"ಕರಿ ಬಟ್ಟೆ ಮೇಲೆ ಕರಿ ದಾರ ಕಾಣಲ್ಲ ರೀ. ಕಿಟಕಿಗೆ ಬೆಳಕೇ ಇಲ್ಲ."

"ಲೈಟ್ ಹಾಕ್ಕೊಳ್ಳೋದಲ್ವಾ?"

"ಹಾಕ್ಕೊಂಡೇ ಕೂತಿದ್ದೀನಿ. ಹಗಲು ಬೆಳಕಿನ ಹಾಗೆ ಆಗತ್ತಾ?" ಕೈಯಲ್ಲಿದ್ದ ಬಟ್ಟೆ ಪಕ್ಕಕ್ಕಿಟ್ಟು, "ಹೊಲಿಗೆ ನಿಲ್ಲಿಸಿಬಿಡೋಣ ಅಂತಿದ್ದೀನಿ. ವಯಸ್ಸೂ ಆಯ್ತು," ಎಂದಳು.

ಅವನು ಕಿಟಕಿಯ ಕಡೆ ನೋಡಿದ. ಇಷ್ಟು ವರ್ಷ ಆಚೆಯಿಂದ ನೋಡಿದವನಿಗೆ ಈಚೆಯಿಂದ ನೋಡಬೇಕು ಅನ್ನಿಸಿರಲೇ ಇಲ್ಲ. ಗಾಜಿನ ತುಂಬ ಎಲೆ. ಅವಳಿಗಾಗಿ ಹಾಕಿದ ತೋಟ ಅವಳ ಬೆಳಕನ್ನೇ ತಿಂದುಹಾಕಿತ್ತು. ಮೆಷಿನ್ನಿಲ್ಲದ ಟೈಲರಕ್ಕನನ್ನು ಊಹಿಸಿಕೊಳ್ಳಲು ಹೋದ, ಆಗಲಿಲ್ಲ.

ಆದರೂ ಕೈಯಾರೆ ಬೆಳೆಸಿದ ಮರವನ್ನು ಕಡಿಸುವುದು ಹೇಗೆ? ಒಂದು ವಾರ ಅವನು ಬೆಂಚಿನ ಮೇಲೆ ಕೂತು ಮೇಲೆ ನೋಡಿದ್ದೇ ನೋಡಿದ್ದು. ಊಟ ಸೇರಲಿಲ್ಲ. ಕೊನೆಗೆ ಮರ ಕಡಿಯುವವನನ್ನು ಕರೆಸಿ, ಕಿಟಕಿಯ ಕಡೆ ಬಾಗಿದ ದೊಡ್ಡ ಕೊಂಬೆಗಳಷ್ಟನ್ನು ತೆಗೆಸಿದ. ಗರಗಸ ಆಡುವಷ್ಟು ಹೊತ್ತೂ ಬೀದಿಯ ಕಡೆ ಮುಖಮಾಡಿ ನಿಂತಿದ್ದ.

ಕೊಂಬೆಗಳು ಬಿದ್ದ ಮೇಲೆ ಕೋಣೆಯೊಳಕ್ಕೆ ಬಿಸಿಲು ನುಗ್ಗಿತು. ಗೋಡೆ, ಮೆಷಿನ್ನು, ದಾರದ ಉಂಡೆಗಳು ಎಲ್ಲ ಫಳಫಳ ಎಂದವು. ಟೈಲರಕ್ಕ ಕೂತು ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಕರಿ ದಾರ ಹಿಡಿದಳು. ನಿಧಾನಪ್ಪ ಕಿಟಕಿಯ ಆಚೆ ನಿಂತು ನೋಡುತ್ತಿದ್ದ. ದಾರ ಸೂಜಿಯ ಪಕ್ಕಕ್ಕೆ ಹೋಯಿತು. ಅವಳು ತುದಿಯನ್ನು ನಾಲಿಗೆಗೆ ಮುಟ್ಟಿಸಿ ಮತ್ತೆ ಪೋಣಿಸಲು ಹೋದಳು. ಈ ಸಲ ಇನ್ನೂ ದೂರ ಹೋಯಿತು. ಅವಳು ಸೂಜಿ ಕೆಳಗಿಟ್ಟು, ಮಡಿಚಿಟ್ಟಿದ್ದ ಬಟ್ಟೆಯನ್ನೇ ಇನ್ನೊಮ್ಮೆ ಮಡಿಚತೊಡಗಿದಳು.

"ಆಹಾ, ಈಗೆಷ್ಟು ಚೆನ್ನಾಗಿ ಕಾಣತ್ತೆ ರೀ!" ಎಂದು ಗಟ್ಟಿಯಾಗಿ ಕೂಗಿದಳು.

ನಿಧಾನಪ್ಪ ಕಿಟಕಿಯಿಂದ ಹಿಂದೆ ಸರಿದ. ಬಿದ್ದ ಕೊಂಬೆಗಳ ಕಡೆ ಒಮ್ಮೆ ನೋಡಿದ. ಎಲೆ ಇನ್ನೂ ಬಾಡಿರಲಿಲ್ಲ. ಆಮೇಲೆ ಒಳಗೆ ಬಂದು ಅವಳ ಪಕ್ಕ ಸ್ಟೂಲೆಳೆದುಕೊಂಡು ಕೂತ.

"ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ," ಎಂದ.

ಅವಳ ಕೈ ನಿಂತಿತು. ಕಣ್ಣಲ್ಲಿ ನೀರು ಬಂತು. "ಕಣ್ಣು ಹೋಯ್ತು ಅಂತ ಒಪ್ಕೊಳ್ಳೋಕೆ ಭಯ ಆಯ್ತು ರೀ. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನೋ ಹಾಗೆ ತಪ್ಪನ್ನ ಮರದ ಮೇಲೆ ಹಾಕಿದೆ. ನೀವು ಕಡಿಸೇಬಿಡ್ತೀರಿ ಅಂತ ಗೊತ್ತಿರಲಿಲ್ಲ. ಎಲ್ಲ ಕೆಲಸಕ್ಕೂ ನಿಧಾನ, ಇದಕ್ಕೊಂದು ಅವಸರ!"

"ಕೊಂಬೆ ಇನ್ನೊಂದು ಬರತ್ತೆ ಕಣೇ. ನಿನ್ನ ಕಣ್ಣಿಗೆ ಬದಲಿ ಎಲ್ಲಿಂದ ತರ್ಲಿ?" ಎಂದ ನಿಧಾನಪ್ಪ.

ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಅವಳು ಕಪ್ಪು ಕನ್ನಡಕ ಹಾಕಿಕೊಂಡು ಬೆಂಚಿನ ಮೇಲೆ ಕೂತ ದಿನಗಳಲ್ಲಿ ಅವನು ಹೊಸ ಬಿಸಿಲು ಬಿದ್ದ ಜಾಗವನ್ನು ಅಗೆದು ಟೊಮೇಟೊ ಹಾಕಿದ. ಕನ್ನಡಕ ತೆಗೆದವಳು ಮೊದಲು ಕೈಗೆತ್ತಿಕೊಂಡದ್ದು ವಕೀಲರ ಕೋಟನ್ನು. ಹೊಲಿಗೆ ಎಲ್ಲಿದೆಯೆಂದು ಹುಡುಕಿದರೂ ವಕೀಲರಿಗೆ ಸಿಗಲಿಲ್ಲವಂತೆ.

ಮುಂದಿನ ಮಳೆಗೆ ಕಡಿದ ಕೊಂಬೆಗಳ ಬುಡದಲ್ಲಿ ಕೆಂಪು ಚಿಗುರು ಗುಂಪುಗುಂಪಾಗಿ ಒಡೆಯಿತು, ಅದೂ ಕಿಟಕಿಯ ಕಡೆಗೇ. ನಿಧಾನಪ್ಪ ಏಣಿ ತಂದು ಕತ್ತರಿ ಹಿಡಿದು ಹತ್ತಿದ. ಎಳೆಯ ಚಿಗುರನ್ನು ಬೆರಳಲ್ಲಿ ಹಿಡಿದು, ಕತ್ತರಿಸಲು ಮನಸ್ಸಾಗದೆ ನಿಂತ.

"ಏನು ಮಾಡ್ತಿದ್ದೀರಿ ಅಲ್ಲಿ?" ಒಳಗಿನಿಂದ ಕೂಗು ಬಂತು.

"ಈಗಲೇ ಚಿವುಟಿಹಾಕ್ತೀನಿ. ಇಲ್ದಿದ್ರೆ ಮತ್ತೆ ಕಿಟಕಿ ಕತ್ತಲಾಗತ್ತೆ."

ಮೆಷಿನ್ನು ಒಂದು ಕ್ಷಣ ನಿಂತಿತು.

"ಇಳೀರಿ ಕೆಳಗೆ. ಬೆಳೀಲಿ ಅದು," ಎಂದಳು ಟೈಲರಕ್ಕ. "ನನಗೀಗ ನೆರಳಲ್ಲೂ ಕಾಣತ್ತೆ."